ಮಹಡಿ ಮನೆಯ ಎಂಟು ಹಾಡುಗಳು

ಹನ್ನೊಂದು ತಿಂಗಳ ಕಾಲ ಎಲ್ಲರೂ ನನ್ನ ಬೆನ್ನುನೋವಿಗೆ ಹೊಲಿಗೆ ಮಷೀನೇ ಕಾರಣ ಎಂದರು. ನಾನೂ ನಂಬಿದೆ. ಉತ್ತರಹಳ್ಳಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ದಿನವಿಡೀ ಬಗ್ಗಿ ಕೂರುವವಳಿಗೆ ಬೆನ್ನು ನೋಯದೆ ಇನ್ಯಾರಿಗೆ ನೋಯಬೇಕು? ಬನಶಂಕರಿಯ ಒಬ್ಬ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಏಜ್ ಆಯ್ತಲ್ಲಮ್ಮ" ಎಂದರು. ನನಗೆ ಆಗ ಐವತ್ತೆರಡು. ಸೊಂಟಕ್ಕೆ ಬೆಲ್ಟ್ ಬರೆದುಕೊಟ್ಟರು, ಮುಲಾಮು ಕೊಟ್ಟರು, ನೋವಿನ ಮಾತ್ರೆ ಕೊಟ್ಟರು. ಸಂಜೆಯಾದರೆ ಮೈ ಬಿಸಿಯಾಗುತ್ತದೆ ಎಂದೆ. ಈ ವಯಸ್ಸಿನ ಹೆಂಗಸರಿಗೆಲ್ಲ ಅದು ಇದ್ದದ್ದೇ ಎಂದರು. ತೂಕ ಇಳಿಯುತ್ತಿದೆ ಎಂದೆ. "ಒಳ್ಳೇದೇ ಆಯ್ತಲ್ಲ" ಎಂದು ನಕ್ಕರು. ಆ ನಗು ನೆನಪಾದರೆ ಇವತ್ತಿಗೂ ಕೈಯಲ್ಲಿರುವ ಕತ್ತರಿಯನ್ನು ಕೆಳಗಿಡಬೇಕಾಗುತ್ತದೆ.

ಒಂದು ಬೆಳಗ್ಗೆ ಹಾಲು ತರಲು ಹೋಗಿ ವಾಪಸ್ ಬಂದಾಗ ನಮ್ಮ ಯಜಮಾನರು ನನ್ನ ಕಾಲನ್ನೇ ನೋಡುತ್ತಾ, "ಜಯಾ, ಇನ್ನೊಂದು ಚಪ್ಪಲಿ ಎಲ್ಲಿ?" ಎಂದು ಕೇಳಿದರು. ಎಡಗಾಲಿನ ಚಪ್ಪಲಿ ದಾರಿಯಲ್ಲೆಲ್ಲೋ ಕಳಚಿಬಿದ್ದಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ಬರಿಗಾಲಿನಲ್ಲಿ ಅರ್ಧ ರಸ್ತೆ ನಡೆದು ಬಂದಿದ್ದೆ, ಅಂಗಾಲಿಗೆ ಜಲ್ಲಿ ಚುಚ್ಚಿ ರಕ್ತ ಬಂದಿತ್ತು, ಒಂದಿಷ್ಟೂ ನೋವಿರಲಿಲ್ಲ. ಮುನಿರಾಜು, ಅಂದರೆ ನಮ್ಮ ಯಜಮಾನರು, ಹಾರ್ಡ್‌ವೇರ್ ಅಂಗಡಿ ನಡೆಸುವವರು, ಯಾವುದಕ್ಕೂ ಗಾಬರಿಯಾಗುವವರಲ್ಲ. ಅವತ್ತು ಅಂಗಡಿಯ ಶಟರ್ ಎತ್ತಲೂ ಹೋಗದೆ ನನ್ನನ್ನು ಆಟೋದಲ್ಲಿ ಕೂರಿಸಿಕೊಂಡು ಜಯನಗರದ ದೊಡ್ಡ ಆಸ್ಪತ್ರೆಗೆ ಹೊರಟರು.

ಸ್ಕ್ಯಾನ್ ಆಯಿತು. ಬೆನ್ನಿಗೆ ಸೂಜಿ ಹಾಕಿ ಸ್ಯಾಂಪಲ್ ತೆಗೆದದ್ದೂ ಆಯಿತು. ಆಮೇಲೆ ಕಾದೆವು. ಒಬ್ಬ ಡಾಕ್ಟರಿಗೆ ಟೋಕನ್ ತೆಗೆದುಕೊಂಡು ಕಾದರೆ, ಅವರು ಇನ್ನೊಬ್ಬರ ಹತ್ತಿರ ಕಳಿಸುತ್ತಿದ್ದರು, ಅಲ್ಲಿ ಮತ್ತೆ ಟೋಕನ್. ಕೂರುವ ಕುರ್ಚಿಗಳೆಲ್ಲ ಕಬ್ಬಿಣದವು. ಬೆನ್ನುನೋವಿನವರೇ ಬರುವ ವಿಭಾಗದಲ್ಲಿ ಅಂಥ ಕುರ್ಚಿ ಹಾಕಬೇಕೆಂದು ಯಾರಿಗೆ ತೋಚಿತೋ! ನಾನು ಗೋಡೆಗೆ ಒರಗಿ ನಿಂತೇ ಕಾಯುತ್ತಿದ್ದೆ. ಸೆಕ್ಯುರಿಟಿಯವನು ಬಂದು ಬಂದು, "ಆಂಟಿ, ಕೂತ್ಕೊಳ್ಳಿ, ದಾರಿಗೆ ಅಡ್ಡ ಆಗುತ್ತೆ" ಎನ್ನುತ್ತಿದ್ದ.

ಕೊನೆಗೆ ಒಬ್ಬ ಲೇಡಿ ಡಾಕ್ಟರು ಕಂಪ್ಯೂಟರಿನಿಂದ ಮುಖ ತಿರುಗಿಸಿ ನನ್ನನ್ನೇ ನೋಡಿ ಹೇಳಿದರು. "ಅಮ್ಮ, ಇದು ಟಿಬಿ. ನಿಮ್ಮ ಬೆನ್ನುಮೂಳೆಗೆ ಬಂದಿದೆ."

"ನಂಗೆ ಕೆಮ್ಮೇ ಇಲ್ವಲ್ಲ ಡಾಕ್ಟ್ರೇ."

"ಇದಕ್ಕೆ ಕೆಮ್ಮು ಇರ್ಬೇಕು ಅಂತಿಲ್ಲ. ನಿಮ್ಮ ಶ್ವಾಸಕೋಶ ಕ್ಲಿಯರ್ ಇದೆ, ಪಕ್ಕದಲ್ಲಿ ಕೂತೋರಿಗೆ ಹರಡಲ್ಲ. ಒಂದು ವರ್ಷಕ್ಕಿಂತ ಜಾಸ್ತಿ ಮಾತ್ರೆ ತಗೋಬೇಕು. ಮೊದಲ ಮೂರು ತಿಂಗಳು ಮಲಗೇ ಇರಿ. ಬಾತ್‌ರೂಮಿಗೆ ಏಳೋದಾದ್ರೂ ಬೆನ್ನಿಗೆ ಬ್ರೇಸ್ ಕಟ್ಕೊಂಡೇ ಏಳ್ಬೇಕು. ಕಾಲಿನ ಶಕ್ತಿ ಇನ್ನೂ ಕಮ್ಮಿ ಆದ್ರೆ ಆಪರೇಷನ್."

ಕಾಲು ಹೋಗಿಬಿಡುತ್ತದೆಯೇ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ನಮ್ಮ ಯಜಮಾನರು ಕೇಳಿದರು: "ಇದನ್ನ ಯಾರಿಗೂ ಹೇಳ್ಬೇಕಾಗಿಲ್ಲ ಅಲ್ವಾ ಮೇಡಂ?"

ಬದುಕಿನಲ್ಲಿ ಅವರು ನನಗೆ ಮಾಡಿದ ಒಳ್ಳೆಯದರ ಪಟ್ಟಿ ದೊಡ್ಡದಿದೆ. ಆದರೂ ಈ ಒಂದು ಪ್ರಶ್ನೆ ಆ ಪಟ್ಟಿಯ ಪಕ್ಕದಲ್ಲಿ ಹಾಗೇ ನಿಂತಿದೆ.

ಸಂಜೆ ಕೋಣನಕುಂಟೆಯಿಂದ ನಾದಿನಿ ಕಮಲ ಬಂದಳು. ಅಣ್ಣ ಅವಳಿಗೆ ಫೋನಿನಲ್ಲಿ ಹೇಳಿದ್ದರು. ಕೋಣೆಯ ಬಾಗಿಲಲ್ಲೇ ನಿಂತು ಸೆರಗನ್ನು ಮೂಗಿಗೆ ಹಿಡಿದು, "ಅತ್ಗೆ, ನಮ್ಮ ಹುಡುಗನಿಗೆ ಹೆಣ್ಣು ನೋಡ್ತಾ ಇದೀವಿ. ಸುದ್ದಿ ಹರಡಿದ್ರೆ ಯಾರು ಹೆಣ್ಣು ಕೊಡ್ತಾರೆ? ಡಿಸ್ಕ್ ಜಾರಿದೆ ಅಂತ ಹೇಳೋಣ" ಎಂದಳು. ಹೋಗುವ ಮುಂಚೆ ಅಡುಗೆಮನೆಯಲ್ಲಿ ನನ್ನ ತಟ್ಟೆ, ಲೋಟ ಬೇರೆ ತೆಗೆದಿಟ್ಟು ಹೋದಳು. ಹರಡುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಎರಡು ಸಲ ಹೇಳಿದೆ. ಎರಡು ಸಲವೂ "ಹೌದು ಹೌದು" ಎಂದಳು.

ಅಂದಿನಿಂದ ನನಗೆ ಡಿಸ್ಕ್ ಆಯಿತು. ಬ್ಲೌಸ್ ಹೊಲಿಯಲು ಕೊಟ್ಟವರಿಗೆ ಡಿಸ್ಕ್, ಹೂವಿನವಳಿಗೆ ಡಿಸ್ಕ್, ಬಾಡಿಗೆಯವರಿಗೆ ಡಿಸ್ಕ್. ಸರ್ಕಾರಿ ಆಸ್ಪತ್ರೆಯಿಂದ ಮಾತ್ರೆ ತಂದುಕೊಡುತ್ತಿದ್ದ ಹೆಲ್ತ್ ವರ್ಕರ್ ಹೆಣ್ಣುಮಗಳಿಗೆ ನಮ್ಮ ಯಜಮಾನರು, ಯಾರಾದರೂ ಕೇಳಿದರೆ ಇನ್ಶೂರೆನ್ಸಿನವಳು ಎಂದು ಹೇಳಬೇಕೆಂದು ಕೈಮುಗಿದು ಕೇಳಿಕೊಂಡರು. ಚೆಕಪ್ಪಿಗೆ ಹೋದಾಗ ಆಸ್ಪತ್ರೆಯಲ್ಲಿ ಪಕ್ಕ ಕೂತ ಹೆಂಗಸೊಬ್ಬರು ನನ್ನ ಡಿಸ್ಕಿಗೆ ಕೇರಳದ ಎಣ್ಣೆಯ ಬಗ್ಗೆ ಅರ್ಧ ಗಂಟೆ ಹೇಳಿದರು. ನಾನು ತಲೆಯಾಡಿಸುತ್ತಾ ಕೇಳಿದೆ. ಇಲ್ಲದ ಕಾಯಿಲೆಗೆ ಎಣ್ಣೆ, ಇರುವ ಕಾಯಿಲೆಗೆ ಹೆಸರಿಲ್ಲ.

ಮಲಗಲು ನನಗೆ ಹಿಂದಿನ ಕೋಣೆ ಕೊಟ್ಟರು. ಮುಂದಿನದಾದರೆ ಬಂದು ಹೋಗುವವರಿಗೆ ಕಾಣುತ್ತದಲ್ಲ! ಬೆಳಗ್ಗೆ ಒಂದು ಹಿಡಿ ಮಾತ್ರೆ. ಅದಾದ ಮೇಲೆ ಹೊಟ್ಟೆ ತೊಳಸುವುದು. ಮೂತ್ರ ಕಿತ್ತಳೆ ಹಣ್ಣಿನ ಬಣ್ಣ. ಯಜಮಾನರು ನನಗೆ ಬ್ರೇಸ್ ಕಟ್ಟಿ, ಬಾತ್‌ರೂಮಿಗೆ ನಡೆಸಿ, ಮೈ ಒರೆಸಿ, ಗಂಟುಗಂಟಾದ ಮುದ್ದೆ ತಿರುವಿಟ್ಟು ಅಂಗಡಿಗೆ ಹೋಗುತ್ತಿದ್ದರು. ಮನೆಯಲ್ಲಿ ನಾವಿಬ್ಬರೇ ಆದ್ದರಿಂದ ಅವರು ಹೋದ ಮೇಲೆ ನಾನು, ಚಾವಣಿ, ಮತ್ತು ಆಗಾಗ ಎಡಗಾಲಿನ ಹೆಬ್ಬೆರಳು. ಅದು ಅಲುಗಾಡುತ್ತದೆಯೇ ಎಂದು ದಿನಕ್ಕೆ ಐವತ್ತು ಸಲ ನೋಡುತ್ತಿದ್ದೆ. ಕೆಲವೊಮ್ಮೆ ಅಲುಗಿತೋ, ಅಲುಗಿತೆಂದು ನನಗೆ ಅನಿಸಿತೋ ತಿಳಿಯುತ್ತಿರಲಿಲ್ಲ.

ಫೋನಿಗೆ ನೆಂಟರು ಪ್ರವಚನದ ವಿಡಿಯೋ ಕಳಿಸುತ್ತಿದ್ದರು. ಮನಸ್ಸು ಶಾಂತವಾಗಿಟ್ಟುಕೊಳ್ಳಿ, ಎಲ್ಲ ಒಳ್ಳೆಯದಕ್ಕೇ ಎಂದು. ಹನ್ನೊಂದು ತಿಂಗಳು ಸುಮ್ಮನೆ ಬೆಲ್ಟ್ ಕಟ್ಟಿಕೊಂಡು ಕೂತದ್ದು ಯಾವ ಒಳ್ಳೆಯದಕ್ಕೆ? ಒಂದೊಂದನ್ನೇ ಅಳಿಸುತ್ತಿದ್ದೆ.

ಮಧ್ಯಾಹ್ನ ಎರಡು ಗಂಟೆಗೆ ಮೇಲಿನಿಂದ ಆ ಸದ್ದು ಶುರುವಾಗುತ್ತಿತ್ತು. ಧುಬ್, ಧುಬ್, ಧುಬ್‌ಧುಬ್. ಮಹಡಿಯ ಮನೆಯಲ್ಲಿ ಶೈಲಾ ಎಂಬ ಹೆಣ್ಣುಮಗಳು ಬಾಡಿಗೆಗಿದ್ದಳು. ಗದಗಿನ ಕಡೆಯವಳು, ವಯಸ್ಸು ನಲವತ್ತರ ಹತ್ತಿರ, ಒಬ್ಬಳೇ. ಬಿಟಿಎಂ ಲೇಔಟಿನ ಯಾವುದೋ ಆಫೀಸಿನಲ್ಲಿ ಸಂಬಳದ ಲೆಕ್ಕ ನೋಡುವ ಕೆಲಸ, ಹೆಚ್ಚಿನ ದಿನ ಮನೆಯಿಂದಲೇ. ಬೆಳಗಿನ ಕೆಲಸ ಮುಗಿಸಿ ಅಡುಗೆ ಮಾಡುವಾಗ ಅವಳು ಏನೋ ಹಾಡು ಹಾಕುತ್ತಿದ್ದಳು. ನಾನು ಓಡಾಡಿಕೊಂಡಿದ್ದಾಗ ಇದು ಕಿವಿಗೆ ಬಿದ್ದಿರಲೇ ಇಲ್ಲ. ಈಗ ದಿನಾ ಅದೇ ಸದ್ದು, ಅದೇ ಕ್ರಮದಲ್ಲಿ, ಮುಕ್ಕಾಲು ಗಂಟೆ.

ಒಂದು ವಾರ ತಡೆದುಕೊಂಡು ಫೋನ್ ಮಾಡಿದೆ. "ಶೈಲಾ, ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ, ನಾನು ಕೆಳಗಡೆ ಮಲಗಿರ್ತೀನಿ."

"ಅಯ್ಯ, ತಪ್ಪಾತ್ರೀ ಅಕ್ಕಾರ. ಗೊತ್ತಾಗಲಿಲ್ರೀ."

ಕಮ್ಮಿ ಮಾಡಿದಳು. ಅದು ಇನ್ನೂ ಕೆಟ್ಟದಾಯಿತು. ಮೊದಲು ಸದ್ದು ತಾನಾಗಿ ಕೇಳುತ್ತಿತ್ತು, ಈಗ ನಾನು ಕಿವಿಗೊಟ್ಟು ಹುಡುಕತೊಡಗಿದೆ. ಇಷ್ಟು ಹೊತ್ತಿಗೆ ಡ್ರಮ್ ಓಡಬೇಕಿತ್ತಲ್ಲ, ಓಡಿತೇ? ನಿಂತಿತೇ? ಮೂರನೆಯ ದಿನ ತಡೆಯಲಾರದೆ ಮತ್ತೆ ಫೋನ್ ಮಾಡಿದೆ. "ನೋಡಿ, ಒಂದೋ ಪೂರ್ತಿ ನಿಲ್ಸಿ, ಇಲ್ಲಾಂದ್ರೆ ಪೂರ್ತಿ ಕೇಳೋ ಹಾಗೆ ಹಾಕಿ. ಈ ಅರ್ಧಂಬರ್ಧ ನಂಗೆ ಬೇಡ."

ಅವಳು "ಹಂಗಾದ್ರ ಕೆಳಗ ತರತೀನ್ರೀ" ಎಂದಳು.

ಬಂದಾಗ ಒಂದು ಕೈಯಲ್ಲಿ ಸಣ್ಣ ಸ್ಪೀಕರ್, ಇನ್ನೊಂದು ಕೈಯಲ್ಲಿ ಜೋಳದ ರೊಟ್ಟಿ, ಝುಣಕ ಇದ್ದ ಡಬ್ಬಿ. ಅದು ಇಂಗ್ಲೆಂಡಿನ ಯಾವುದೋ ಕಾರ್ಖಾನೆ ಊರಿನ ಐದು ಜನ ಸೇರಿ ಮಾಡಿದ ಹೆವಿ ಮೆಟಲ್ ಆಲ್ಬಮ್, ನಲವತ್ತು ವರ್ಷ ಹಳೆಯದು, ಎಂಟು ಹಾಡು ಎಂದು ಹೇಳಿದಳು. ಪಿಯುಸಿ ಓದುವಾಗ ಹುಬ್ಬಳ್ಳಿಯಲ್ಲಿ ಕ್ಯಾಸೆಟ್ ಕೊಂಡಿದ್ದಳಂತೆ. "ನನಗ ಆಗ ಇಂಗ್ಲಿಷ್ ಏನೂ ತಿಳೀತಿರಲಿಲ್ರೀ. ಇವರು ಸಿಟ್ಟಿನ್ಯಾಗ ಇದ್ದಾರ ಅಂತ ಅಷ್ಟ ತಿಳೀತಿತ್ತು."

ಮೊದಲ ದಿನ ನನಗೆ ತಲೆನೋವು ಬಂತು. ಹಾಡುವವನು ಬಾಗಿಲ ಸಂದಿಗೆ ಬೆರಳು ಸಿಕ್ಕಿಸಿಕೊಂಡವನ ಹಾಗೆ ಕಿರುಚುತ್ತಿದ್ದ. ಹಾಗೆಂದೆ. ಶೈಲಾ ಬೇಜಾರು ಮಾಡಿಕೊಳ್ಳದೆ, "ನಾಳೆ ಗಿಟಾರ್ ಅಷ್ಟ ಕೇಳ್ರಿ, ಅಂವನ್ನ ಬಿಡ್ರಿ" ಎಂದಳು.

ಮರುದಿನ ಗಿಟಾರ್ ಕೇಳಿದೆ. ಒಂದಲ್ಲ, ಎರಡು. ಎರಡನೆಯ ಹಾಡಿನ ನಡುವೆ ಅವೆರಡೂ ಒಂದರ ಪಕ್ಕ ಒಂದು ಓಡತೊಡಗಿದವು. ಕಂಕುಳ ಹತ್ತಿರ ಬ್ಲೌಸ್ ಹರಿಯದಿರಲೆಂದು ನಾನು ಎರಡು ಸಾಲು ಹೊಲಿಗೆ ಹಾಕುತ್ತೇನೆ. ತಿರುವಿನಲ್ಲಿಯೂ ಎರಡು ಸಾಲುಗಳ ನಡುವಿನ ಅಂತರ ತಪ್ಪಬಾರದು, ಒಂದನ್ನೊಂದು ಮುಟ್ಟಬಾರದು. ಇಪ್ಪತ್ತಾರು ವರ್ಷವಾದರೂ ನನ್ನ ಕೈ ತಿರುವಿನಲ್ಲಿ ಒಮ್ಮೊಮ್ಮೆ ಜಾರುತ್ತದೆ. ಇವರು ಅಷ್ಟು ವೇಗದಲ್ಲಿ ಹೋಗಿಯೂ ಜಾರಲಿಲ್ಲ.

"ಇದು ಗಲಾಟೆ ಅಲ್ಲ, ಅಳತೆ ಇಟ್ಟು ಮಾಡಿರೋದು" ಎಂದೆ.

ಶೈಲಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. "ಇಪ್ಪತ್ತು ವರ್ಷದಿಂದ ನಮ್ಮ ಮನ್ಯಾಗ ಒಬ್ಬರೂ ಇದನ್ನ ಅನ್ನಲಿಲ್ರೀ ಅಕ್ಕಾರ."

ಹಾಗೆ ಅವಳು ವಾರಕ್ಕೆ ನಾಲ್ಕು ದಿನ ಬರತೊಡಗಿದಳು. ದಿನಕ್ಕೊಂದನ್ನು ಹಿಡಿದು ಕೇಳಿದೆ: ಒಂದು ದಿನ ಡ್ರಮ್, ಒಂದು ದಿನ ಬೇಸ್ ಗಿಟಾರಿನ ದಪ್ಪ ದನಿ, ಕೊನೆಗೆ ಆ ಕಿರುಚುವವನು. ಅವನು ಕಿರುಚುವುದಕ್ಕೆ ಮೊದಲು ಕೆಳಗಿನ ದನಿಯಲ್ಲಿ ಶುರುಮಾಡಿ ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತಾನೆ, ತುದಿಯಲ್ಲಿ ಶ್ರುತಿ ಬಿಡುವುದಿಲ್ಲ. ನಾಲ್ಕನೆಯ ಹಾಡು ಮಾತ್ರ ನನಗೆ ಹಿಡಿಸಲೇ ಇಲ್ಲ, ಸುಮ್ಮನೆ ಎಳೆಯುತ್ತಾರೆ. ಶೈಲಾ ಅದರ ಪರವಾಗಿ ವಾದ ಮಾಡುತ್ತಿದ್ದಳು. ಆರನೆಯದು ಗಣಿಯೊಳಗೆ ಸಿಕ್ಕಿಬಿದ್ದ ಕೆಲಸಗಾರನ ಕಥೆ. ಮೇಲೆ ಜನ ಓಡಾಡುವುದು ಅವನಿಗೆ ಕೇಳಿಸುತ್ತದೆ, ಅವನ ಕೂಗು ಅವರಿಗೆ ಕೇಳಿಸುವುದಿಲ್ಲ. ಸಾಲು ಸಾಲಾಗಿ ಅವಳು ಅರ್ಥ ಹೇಳಿದಳು.

"ಆಮೇಲೆ? ಹೊರಗೆ ಬರ್ತಾನಾ?"

"ಅದನ್ನ ಹೇಳಂಗಿಲ್ರೀ. ಅಲ್ಲಿಗ ಹಾಡು ಮುಗೀತೈತಿ."

"ಇದೆಂಥ ಹಾಡು!" ಎಂದು ರೇಗಿದೆ. ನಿಜಕ್ಕೂ ಸಿಟ್ಟು ಬಂದಿತ್ತು. ಅವಳು ಹೋದ ಮೇಲೆ ಅತ್ತೆ. ಕಾಯಿಲೆ ಗೊತ್ತಾದಂದಿನಿಂದ ಅದೇ ಮೊದಲು ಅತ್ತದ್ದು.

ಇಷ್ಟೆಲ್ಲದರ ನಡುವೆ ಒಂದು ವಿಷಯ ನನ್ನನ್ನು ಕೊರೆಯುತ್ತಿತ್ತು. ಶೈಲಾ ನನ್ನ ಮಂಚದ ಪಕ್ಕ ಕೂತು ಊಟ ಮಾಡುತ್ತಿದ್ದಳು, ನನ್ನ ಲೋಟದಲ್ಲಿ ನೀರು ಕುಡಿಯುತ್ತಿದ್ದಳು. ಅವಳಿಗೆ ನನ್ನದು ಡಿಸ್ಕ್. ಹರಡುವ ಕಾಯಿಲೆಯಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಕೂರಬೇಕೋ ಬೇಡವೋ ಎಂದು ನಿರ್ಧರಿಸಬೇಕಾದವಳು ಅವಳಲ್ಲವೇ? ಯಜಮಾನರಿಗೆ ಹೇಳಿದರೆ, "ಖಾಲಿ ಮಾಡ್ಕೊಂಡು ಹೋಗ್ತಾಳೆ. ಹೋಗ್ತಾ ಬೀದಿಗೆಲ್ಲ ಹೇಳಿ ಹೋಗ್ತಾಳೆ. ಸುಮ್ನಿರು" ಎಂದರು. ಆ ರಾತ್ರಿ ಊಟಕ್ಕೆ ಮತ್ತೆ ಆ ಬೇರೆ ತಟ್ಟೆಯಲ್ಲೇ ಮುದ್ದೆ ಬಂತು. ಕಮಲ ಎತ್ತಿಟ್ಟದ್ದನ್ನು ಅವರೂ ಪಾಲಿಸುತ್ತಿದ್ದರು.

ಮರುದಿನ ಹಾಡು ಶುರುವಾಗುವ ಮೊದಲೇ ಹೇಳಿಬಿಟ್ಟೆ. "ಶೈಲಾ, ನಂಗೆ ಡಿಸ್ಕ್ ಅಲ್ಲ. ಟಿಬಿ. ಬೆನ್ನುಮೂಳೆದು. ಹರಡಲ್ಲ ಅಂದಿದಾರೆ."

ಅವಳು ಡಬ್ಬಿಯ ಮುಚ್ಚಳ ಹಾಕಿದಳು. "ಎರಡು ತಿಂಗಳಾತ್ರೀ ನಾ ಇಲ್ಲಿ ಕೂಡಾಕ ಹತ್ತಿ."

"ಗೊತ್ತು."

"ನನಗ ಸಣ್ಣಾಕಿದ್ದಾಗಿಂದ ಅಸ್ತಮಾ ಐತ್ರೀ. ನೀವು ಮೊದಲ ಹೇಳಬೇಕಿತ್ತಿಲ್ರೀ?" ದನಿ ಏರಿಸಲಿಲ್ಲ. ಸ್ಪೀಕರ್ ಎತ್ತಿಕೊಂಡು ಹೋದಳು.

ಹತ್ತು ದಿನ ಮೇಲಿನಿಂದ ಒಂದು ಸದ್ದಿಲ್ಲ. ಇಯರ್‌ಫೋನ್ ಹಾಕಿಕೊಂಡು ಕೇಳುತ್ತಿದ್ದಿರಬೇಕು. ಎರಡು ಗಂಟೆಗೆ ನನಗೆ ತಾನಾಗಿ ಎಚ್ಚರವಾಗುತ್ತಿತ್ತು. ನಾನೇ ಮನಸ್ಸಿನಲ್ಲಿ ಮೊದಲ ಹಾಡನ್ನು ಹಾಕಿಕೊಳ್ಳಲು ನೋಡುತ್ತಿದ್ದೆ, ಗಿಟಾರ್ ಬಂದರೆ ಡ್ರಮ್ ಬರುತ್ತಿರಲಿಲ್ಲ, ಡ್ರಮ್ ಬಂದರೆ ಗಿಟಾರ್ ಇಲ್ಲ. ಎಲ್ಲರ ಮೇಲೂ ಸಿಟ್ಟು. ಸುಳ್ಳು ಹೇಳಿಸಿದ ಕಮಲಳ ಮೇಲೆ, ಹೇಳಿದ ಗಂಡನ ಮೇಲೆ, ತಲೆಯಾಡಿಸಿದ ನನ್ನ ಮೇಲೆ. "ನಾನು ಹೇಳಿರ್ಲಿಲ್ವಾ?" ಎಂದರು ಯಜಮಾನರು. ಪಕ್ಕದಲ್ಲಿದ್ದ ಆ ತಟ್ಟೆಯನ್ನು ಎತ್ತಿ ಬಾಗಿಲಿಗೆ ಎಸೆದೆ. ಮಲಗಿದಲ್ಲಿಂದ ಎಸೆದದ್ದು, ಬಾಗಿಲು ಮುಟ್ಟಲಿಲ್ಲ. ಅವರು ಅದನ್ನು ಎತ್ತಿಕೊಂಡು ಹೋದರು. ಮರುದಿನದಿಂದ ಇಬ್ಬರಿಗೂ ಒಂದೇ ಥರದ ತಟ್ಟೆ ಬಂತು.

ಹನ್ನೊಂದನೆಯ ದಿನ ಶೈಲಾ ಬಂದಳು. ತಾನೇ ಎದೆಯ ಡಾಕ್ಟರ ಹತ್ತಿರ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದಿದ್ದಳು. "ನೀವಂದದ್ದು ಖರೇ ಐತ್ರೀ, ಹರಡಂಗಿಲ್ಲಂತ. ಆದರ ನನ್ನ ಸಿಟ್ಟು ಟಿಬಿ ಮ್ಯಾಲ ಅಲ್ರೀ, ನಿಮ್ಮ ಮ್ಯಾಲ. ಅದು ಇನ್ನೂ ಐತಿ."

"ಇರ್ಲಿ. ನನ್ನದೂ ಇದೆ, ಬೇಕಾದಷ್ಟು."

ಅವಳು ಕೂತಳು. ಐದನೆಯ ಹಾಡಿನಿಂದ ಹಾಕಿದಳು.

ಆ ಸಂಗೀತದಿಂದ ನನ್ನ ಕಾಯಿಲೆ ವಾಸಿಯಾಯಿತೆಂದು ದಯವಿಟ್ಟು ಯಾರೂ ತಿಳಿಯಬೇಡಿ. ವಾಸಿಯಾದದ್ದು ಮಾತ್ರೆಯಿಂದ. ಹೊಟ್ಟೆ ತೊಳಸಿದರೂ ಒಂದು ದಿನ ಬಿಡದೆ ನುಂಗಿದ ಮಾತ್ರೆಯಿಂದ. ಮೂರು ತಿಂಗಳಾದ ಮೇಲೆ ಕೂರಿಸಿದರು, ಆಮೇಲೆ ವಾಕರ್ ಹಿಡಿದು ನಿಲ್ಲಿಸಿದರು. ಆಪರೇಷನ್ ಬೇಕಾಗಲಿಲ್ಲ. ಎಡ ಹೆಬ್ಬೆರಳು ಒಂದು ದಿನ ಅನುಮಾನಕ್ಕೆ ಎಡೆಯಿಲ್ಲದ ಹಾಗೆ ಅಲುಗಿತು. ಹೆಲ್ತ್ ವರ್ಕರ್ ಹೆಣ್ಣುಮಗಳು ನೋಡಿ ಚಪ್ಪಾಳೆ ತಟ್ಟಿದಳು. ಆದರೆ ಆ ಮೂರು ತಿಂಗಳಲ್ಲಿ ನನಗೆ ಸಮಾಧಾನವಾಗಿರು ಎಂದು ಹೇಳದೇ ಇದ್ದದ್ದು ಆ ಎಂಟು ಹಾಡುಗಳು ಮಾತ್ರ. ಅಷ್ಟನ್ನು ಹೇಳಲೇಬೇಕು.

ಹದಿನಾಲ್ಕನೆಯ ತಿಂಗಳು ಡಾಕ್ಟರು ಸ್ಕ್ಯಾನ್ ನೋಡಿ ಮಾತ್ರೆ ನಿಲ್ಲಿಸಿದರು. ಬೆನ್ನಿನ ಬಾಗು ಹಾಗೇ ಉಳಿಯುತ್ತದೆ ಎಂದರು. ಮೊದಲೇ ಗೊತ್ತಾಗಿದ್ದರೆ ಬಾಗುತ್ತಿರಲಿಲ್ಲವೇ ಎಂದು ಕೇಳಿದೆ. "ಬಹುಶಃ" ಎಂದರು. ಆ ಒಂದು ಮಾತನ್ನು ನುಂಗಲು ಯಾವ ಮಾತ್ರೆಗಿಂತಲೂ ಕಷ್ಟವಾಯಿತು. ಈಗ ದಿನಕ್ಕೆ ಎರಡು ಗಂಟೆ ಮಾತ್ರ ಹೊಲಿಯುತ್ತೇನೆ, ಕಟಿಂಗ್ ಮಾಡುವುದು ನಿಂತುಕೊಂಡೇ.

ಅದೇ ತಿಂಗಳು ಜೆ.ಪಿ. ನಗರದ ಒಂದು ಸಣ್ಣ ಹಾಲಿನಲ್ಲಿ ಭಾನುವಾರ ಮಧ್ಯಾಹ್ನ ನಮ್ಮ ಊರಿನದೇ ಒಂದು ಬ್ಯಾಂಡ್ ಆ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ನುಡಿಸುತ್ತದೆ ಎಂದು ಶೈಲಾ ಸುದ್ದಿ ತಂದಳು. ಯಜಮಾನರು, "ನೀವಿಬ್ಬರೇ ಬೇಡ, ನಾನೂ ಬರ್ತೀನಿ" ಎಂದು ಇಸ್ತ್ರಿ ಶರ್ಟ್ ಹಾಕಿಕೊಂಡು ಬಂದರು. ಒಳಗೆ ಎಲ್ಲರೂ ಕಪ್ಪು ಟೀಶರ್ಟ್ ತೊಟ್ಟವರೇ. ಅರ್ಧಕ್ಕರ್ಧ ಜನ ನಮ್ಮ ವಯಸ್ಸಿನವರು, ಹೊಟ್ಟೆ ಬಂದವರು, ತಲೆ ನರೆತವರು. ಸ್ಪೀಕರಿನ ಮುಂದೆ ನಿಂತಾಗ ಡ್ರಮ್ಮಿನ ಏಟು ನೇರ ಬೆನ್ನುಮೂಳೆಗೇ ಬಂತು. ಒಂದು ಕ್ಷಣ ಹೆದರಿ ಗಂಡನ ತೋಳು ಹಿಡಿದುಕೊಂಡೆ. ನೋಯಲಿಲ್ಲ. ಅದುರಿತು, ಅಷ್ಟೇ. ಗಿಟಾರಿನವರಿಬ್ಬರೂ ತಿರುವಿನಲ್ಲಿ ಎರಡು ಕಡೆ ಜಾರಿದರು, ಶೈಲಾ ಮತ್ತು ನಾನು ಮುಖ ಮುಖ ನೋಡಿಕೊಂಡೆವು.

ಮೂರನೆಯ ಹಾಡಿಗೆ ನನ್ನ ಎಡಗಾಲು ಸೋತಿತು. ಪಕ್ಕದಲ್ಲಿದ್ದ ಹೆಂಗಸೊಬ್ಬರು, ಗಂಡಸರ ಹಾಗೆ ಕೂದಲು ಕತ್ತರಿಸಿಕೊಂಡವರು, ಒಂದು ಕುರ್ಚಿ ಎಳೆದು ತಂದು ನನ್ನ ಬೆನ್ನು ತೋರಿಸಿ ಕಿವಿಯ ಹತ್ತಿರ ಕೂಗಿದರು: "ಏನಾಗಿತ್ತು?"

ನಾನು ಹೇಳಿದೆ. ಅವರಿಗೆ ಕೇಳಿಸಲಿಲ್ಲ.

"ಟಿಬಿ!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. "ಬೆನ್ನಿಗೆ ಟಿಬಿ ಆಗಿತ್ತು! ವಾಸಿಯಾಗಿದೆ!"

ಅವರು ಹೆಬ್ಬೆರಳೆತ್ತಿ ತೋರಿಸಿ ಮತ್ತೆ ವೇದಿಕೆಯ ಕಡೆ ತಿರುಗಿದರು. ಅವರಿಗೆ ಅದು ಅಷ್ಟೇ. ಯಜಮಾನರು ಮಾತ್ರ ತಮ್ಮ ಚಪ್ಪಲಿಯನ್ನೇ ನೋಡುತ್ತಾ ನಿಂತಿದ್ದರು.

ವಾಪಸ್ ಬರುವಾಗ ಆಟೋದಲ್ಲಿ, "ಅಷ್ಟು ಜೋರಾಗಿ ಹೇಳ್ಬೇಕಿತ್ತಾ?" ಎಂದರು.

"ಮೆಲ್ಲಗೆ ಹೇಳಿದ್ರೆ ಅಲ್ಲಿ ಕೇಳ್ಸಲ್ಲ ರೀ."

ತಿಂಗಳುಗಟ್ಟಲೆ ನನ್ನ ಮೈ ಒರೆಸಿದ ಮನುಷ್ಯನ ಮೇಲೆ ಇಷ್ಟು ಸಿಟ್ಟು ಇರಬಾರದೆಂದು ನನಗೂ ಗೊತ್ತಿತ್ತು. ಇತ್ತು.

ಮರುದಿನ ಬೆಳಗ್ಗೆ ನಾನು ಅಡುಗೆಮನೆಯಲ್ಲಿದ್ದೆ. ಎದುರು ಮನೆಯ ಪುಟ್ಟಸ್ವಾಮಿಯವರು ದಿನದ ಹಾಗೆ ಪೇಪರ್ ಓದಲು ನಮ್ಮ ಗೇಟಿನ ಹತ್ತಿರ ಬಂದು, "ಏನ್ ಮುನಿರಾಜು, ನಿನ್ನೆ ಜಯಮ್ಮೋರು ಆಟೋ ಇಳಿಯೋದು ನೋಡ್ದೆ. ಡಿಸ್ಕ್ ಪೂರ್ತಿ ಸರಿ ಹೋಯ್ತಾ?" ಎಂದು ಕೇಳಿದ್ದು ಕಿಟಕಿಯಲ್ಲಿ ಕೇಳಿಸಿತು.

"ಡಿಸ್ಕ್ ಅಲ್ಲ ಅದು" ಎಂದರು ನಮ್ಮವರು.

ಪೇಪರ್ ಮಡಿಸಿದ ಸದ್ದು ಬಂತು. "ಮತ್ತೆ?"

ಅವರು ಒಮ್ಮೆ ಒಳಗೆ ತಿರುಗಿ ನೋಡಿದ್ದು ಕಿಟಕಿಯಿಂದ ಕಂಡಿತು. ನಾನು ಹೊರಗೆ ಹೋಗಿ ಹೇಳಿಬಿಡಬಹುದಿತ್ತು, ನನಗೆ ಅದು ಅಭ್ಯಾಸವಾಗಿತ್ತು. ಹೋಗಲಿಲ್ಲ. ಒಲೆ ಆರಿಸಿ, ಕಟ್ಟೆಗೆ ಕೈಯೂರಿ, ಅವರ ಬಾಯಿಂದ ಆ ಎರಡಕ್ಷರ ಹೊರಬರುವವರೆಗೂ ನಿಂತೇ ಇದ್ದೆ.